ಜಿಪ್ಸಿಗೆ ಬೀಡ್‌ಲಾಕ್: ಒಳಗೆ ಟ್ಯೂಬ್ ಕೂರಿಸೋದಾ, ಹೊರಗೆ ರಿಂಗ್ ಬಿಗಿಯೋದಾ?

ಬಿಸಿಲೆ ಜಿಪ್ಸಿ:

ನಮಸ್ಕಾರ. ಜಿಪ್ಸಿಗೆ ಬೀಡ್‌ಲಾಕ್ (ಗಾಳಿ ಇಳಿಸಿದಾಗಲೂ ಟೈರಿನ ಅಂಚು ರಿಮ್ ಬಿಡದಂತೆ ಹಿಡಿಯುವ ಸಾಧನ) ಹಾಕಿಸೋಣ ಅಂತಿದ್ದೇನೆ. ಟೈರ್ ಒಳಗೆ ಕೂರುವ ಟ್ಯೂಬ್ ತರಹದ್ದು ಒಳ್ಳೆಯದೋ, ಹೊರಗಿನಿಂದ ರಿಂಗ್ ಇಟ್ಟು ಬೋಲ್ಟ್ ಬಿಗಿಯುವುದು ಒಳ್ಳೆಯದೋ, ಬಳಸಿ ನೋಡಿದವರು ಹೇಳಿ.

ಗಾಡಿ ಮಾರುತಿ ಜಿಪ್ಸಿ. 15 ಇಂಚಿನ ಕಬ್ಬಿಣದ ರಿಮ್, ಅಗಲ 8 ಇಂಚು. ಟೈರ್ 31x10.5 (ಎತ್ತರ, ಅಗಲ ಇಂಚಿನಲ್ಲಿ), ಕೆಸರಿಗೆ ಅಂತಲೇ ಮಾಡಿದ ಮಡ್ ಟೆರೇನ್, ಟ್ಯೂಬ್‌ಲೆಸ್. ದಿನಾ ತೋಟದ ಕೆಲಸಕ್ಕೆ, ಸಕಲೇಶಪುರ ಪೇಟೆಗೆ ಇದೇ ಗಾಡಿ. ಆಗಾಗ ಹಾಸನಕ್ಕೂ ಹೋಗಿ ಬರುತ್ತೇನೆ. ಮಳೆಗಾಲದಲ್ಲಿ ಗೆಳೆಯರ ತೋಟಗಳಲ್ಲಿ ಆಫ್‌ರೋಡ್, ಯಾವಾಗಲಾದರೊಮ್ಮೆ ಸ್ಪರ್ಧೆ.

ಸಮಸ್ಯೆ ಹೇಳುತ್ತೇನೆ. ನಮ್ಮ ಕೆಂಪು ಜೇಡಿಮಣ್ಣಿನಲ್ಲಿ ಟೈರಿನ ಗಾಳಿ 15 ಪಿಎಸ್‌ಐ ಇಟ್ಟರೆ ಚಕ್ರ ಸುಮ್ನೆ ಸುತ್ತುತ್ತದೆ, ಗಾಡಿ ಮೇಲೆ ಹತ್ತುವುದಿಲ್ಲ. 9-10ಕ್ಕೆ ಇಳಿಸಿದರೆ ಚೆನ್ನಾಗಿ ಕಚ್ಚುತ್ತದೆ. ಆದರೆ ಇಳಿಜಾರಿಗೆ ಅಡ್ಡ ಹೋಗುವಾಗ ಸ್ಟೇರಿಂಗ್ ಮೇಲಕ್ಕೆ ತಿರುಗಿಸಿದ ಕೂಡಲೇ ಕೆಳಗಿನ ಬದಿಯ ಮುಂದಿನ ಟೈರ್ ಉಸ್ ಅಂತ ಗಾಳಿ ಬಿಡುತ್ತದೆ. ಇಳಿದು ನೋಡಿದರೆ ಹೊರಗಿನ ಅಂಚು ರಿಮ್ಮಿನಿಂದ ಜಾರಿ ಒಳಗೆ ಹೋಗಿರುತ್ತದೆ, ಸಂದಿಯಲ್ಲಿ ಕೆಸರು, ಹುಲ್ಲು, ಕಾಫಿ ಎಲೆ ಎಲ್ಲ ತುಂಬಿಕೊಂಡಿರುತ್ತದೆ. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಅದನ್ನೆಲ್ಲ ತೊಳೆದು, ಸುತ್ತ ರ‍್ಯಾಚೆಟ್ ಪಟ್ಟಿ ಬಿಗಿದು, ಕಂಪ್ರೆಸರ್ ಹಚ್ಚಿ ಮತ್ತೆ ಕೂರಿಸುವಷ್ಟರಲ್ಲಿ ಕತ್ತಲಾಗುತ್ತದೆ.

ಯಾವುದು ಗಟ್ಟಿ ಹಿಡಿಯುತ್ತದೆ? ಪೇಟೆಯ ಪಂಕ್ಚರ್ ಅಂಗಡಿಯವರಿಗೆ ಯಾವುದು ನಿಭಾಯಿಸಲು ಬರುತ್ತದೆ? ಹೈವೇಯಲ್ಲಿ 80ರಲ್ಲಿ ಓಡಿಸಿದರೆ ನಡುಕ ಬರುತ್ತದಾ? ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಈಗಿರುವ ರಿಮ್ಮಿಗೆ ರಿಂಗ್ ಕೂರಿಸಿಕೊಡುತ್ತೇವೆ ಅನ್ನುತ್ತಿದ್ದಾರೆ, ಅದನ್ನು ನಂಬಬಹುದಾ?

ಮಡಿಕೇರಿ 540:

ಅಣ್ಣಾ, ಹೊರಗಿನ ಅಂಚೇ ಬಿಡುತ್ತದೆ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಗಾಡಿ ಇಳಿಜಾರಿಗೆ ಅಡ್ಡ ನಿಂತಾಗ ಭಾರವೆಲ್ಲ ಕೆಳಬದಿಯ ಚಕ್ರಗಳ ಮೇಲೆ ಬರುತ್ತದೆ. ರಿಮ್ ಕೆಳಕ್ಕೆ ಜಾರಲು ನೋಡುತ್ತದೆ, ನೆಲ ಕಚ್ಚಿದ ಟೈರ್ ಇದ್ದಲ್ಲೇ ನಿಲ್ಲುತ್ತದೆ. ಆಗ ಟೈರಿನ ಹೊರ ಅಂಚು ಗಾಡಿಯ ಕಡೆಗೆ, ಅಂದರೆ ರಿಮ್ಮಿನ ನಡುವೆ ಇರುವ ತಗ್ಗಿಗೆ ಎಳೆದುಕೊಂಡು ಹೋಗುತ್ತದೆ. ಒಳ ಅಂಚಿಗೆ ಆ ಹೊತ್ತಿನಲ್ಲಿ ಏನೂ ಆಗುವುದಿಲ್ಲ, ಅದು ತನ್ನ ಕಡೆಯ ರಿಮ್ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಮಾಮೂಲಿ ರಿಮ್ಮಿನಲ್ಲಿ ಆ ಹೊರ ಅಂಚನ್ನು ಹಿಡಿದಿರುವುದು ಒಳಗಿನ ಗಾಳಿ, ಜೊತೆಗೆ ಒಂದು ಸಣ್ಣ ಉಬ್ಬು, ಅಷ್ಟೇ. ಗಾಳಿ ಇಳಿಸಿದಷ್ಟೂ ಹಿಡಿತ ಕಮ್ಮಿ.

ಬೋಲ್ಟ್ ಹಾಕುವ ರಿಂಗ್ ಹಿಡಿಯುವುದು ಸರಿಯಾಗಿ ಅದೇ ಹೊರ ಅಂಚನ್ನು. ಅದರ ರಿಮ್ಮಿನ ಹೊರಬದಿಯಲ್ಲಿ ಟೈರ್ ಅಂಚು ಕೂರಲು ಒಂದು ಮೆಟ್ಟಿಲು ಇರುತ್ತದೆ. ಅಂಚನ್ನು ಅಲ್ಲಿ ಕೂರಿಸಿ, ಮೇಲೆ ರಿಂಗ್ ಇಟ್ಟು, ಸುತ್ತ 24 ರಿಂದ 32 ಬೋಲ್ಟ್ ಬಿಗಿಯುತ್ತಾರೆ. ಟೈರ್ ಅಂಚು ಎರಡು ಲೋಹದ ನಡುವೆ ಸಿಕ್ಕಿಕೊಳ್ಳುತ್ತದೆ. ಗಾಳಿ ಇರಲಿ ಬಿಡಲಿ, ಅದು ಅಲ್ಲಾಡುವುದಿಲ್ಲ. ನಾನು 5-6 ಪಿಎಸ್‌ಐಗೆ ಇಳಿಸಿ ಓಡಿಸುತ್ತೇನೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಬೇರೆ. ಟೈರ್ ಬಿಚ್ಚಲು ಅಂಗಡಿ ಬೇಡ. ಸ್ಪರ್ಧೆಯ ನಡುವೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಹರಿದರೆ ಬೋಲ್ಟ್ ಬಿಚ್ಚಿ, ಒಳಗಿನಿಂದ ಪ್ಯಾಚ್ ಹಾಕಿ ಅಲ್ಲೇ ಮುಚ್ಚಬಹುದು. 2014ರಲ್ಲಿ ಗೋವಾದಲ್ಲಿ ಮಳೆಯಲ್ಲೇ ರೇನ್‌ಫಾರೆಸ್ಟ್ ಚಾಲೆಂಜ್ ಅನ್ನುವ ಆಫ್‌ರೋಡ್ ಸ್ಪರ್ಧೆ ಶುರುವಾಯಿತಲ್ಲ, ಅಂಥ ಕಡೆ ಪಂಕ್ಚರ್ ಅಂಗಡಿ ಎಲ್ಲಿ ಹುಡುಕುತ್ತೀರಿ?

ಆದರೆ ಬೋಲ್ಟ್ ಬಿಗಿಯುವ ಕೆಲಸಕ್ಕೆ ಒಂದು ಶಿಸ್ತು ಬೇಕು. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಎದುರುಬದುರು ಬೋಲ್ಟ್ ಹಿಡಿದು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ. ಇಂಪ್ಯಾಕ್ಟ್ ಗನ್ ಬೇಡವೇ ಬೇಡ, ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಟಾರ್ಕ್ ರೆಂಚ್ ಬೇಕು. ಸಾಮಾನ್ಯವಾಗಿ 20-27 ನ್ಯೂಟನ್ ಮೀಟರ್ ಹೇಳುತ್ತಾರೆ, ನಿಮ್ಮ ರಿಮ್ಮಿನ ಕಾಗದದಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ. ಮೊದಲ ಸಲ ಓಡಿಸಿ ಬಂದ ಮೇಲೆ ಮತ್ತೆ ಎಲ್ಲ ಬೋಲ್ಟ್ ನೋಡಬೇಕು, ಯಾಕೆಂದರೆ ನಡುವಿನ ರಬ್ಬರ್ ಅಮುಕಿಕೊಂಡು ಬೋಲ್ಟ್ ಸಡಿಲ ಆಗಿರುತ್ತದೆ. ಬೋಲ್ಟಿಗೆ ಗ್ರೀಸ್ ಹಚ್ಚಿ ಅದೇ ಅಂಕಿಗೆ ಬಿಗಿದರೆ ಅಗತ್ಯಕ್ಕಿಂತ ಜಾಸ್ತಿ ಎಳೆತ ಬೀಳುತ್ತದೆ, ಅದೂ ನೆನಪಿರಲಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯವರಿಗೂ ಕೆಲಸದ ಹುಡುಗರಿಗೂ ಹೇಳಿಡಿ. ಟೈರಿನಲ್ಲಿ ಗಾಳಿ ಇರುವಾಗ ರಿಂಗಿನ ಬೋಲ್ಟ್ ಮುಟ್ಟಬಾರದು. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಹೋದ ಮೇಲೇ ಸ್ಪ್ಯಾನರ್ ಹಚ್ಚಬೇಕು. ಇಲ್ಲದಿದ್ದರೆ ರಿಂಗ್ ಸಿಡಿದು ಬಂದು ಜೀವ ಹೋಗಬಹುದು.

ಮೂಡಿಗೆರೆ ರೊಬಸ್ಟಾ:

540 ಹೇಳಿದ್ದೆಲ್ಲ ಸ್ಪರ್ಧೆಯ ಗಾಡಿಗೆ ಸರಿ. ಆದರೆ ಕೇಳಿದವರು ದಿನಾ ಟಾರ್ ರಸ್ತೆಯಲ್ಲಿ ಓಡಾಡುವವರು. ನನ್ನ ಮತ ಒಳಗಿನದಕ್ಕೆ. ನನ್ನ ಗಾಡಿಯಲ್ಲಿ ಹಲವು ಮಳೆಗಾಲ ಕಳೆದಿದೆ.

ಇದು ಹೇಗಿರುತ್ತದೆ ಅಂದರೆ, ರಿಮ್ಮಿನ ಸುತ್ತ ಒಂದು ಸಣ್ಣ ಟ್ಯೂಬ್, ಅದರ ಮೇಲೆ ಹಿಗ್ಗದ ದಪ್ಪ ಬಟ್ಟೆಯ ಕವಚ. ಈ ಟ್ಯೂಬಿಗೆ ಬೇರೆಯೇ ವಾಲ್ವ್. ಅದಕ್ಕೆ ಸುಮಾರು 50 ಪಿಎಸ್‌ಐ ಗಾಳಿ ಹಾಕುತ್ತೇವೆ. ಕವಚ ಮೇಲಕ್ಕೆ ಹಿಗ್ಗಲು ಬಿಡುವುದಿಲ್ಲ, ಹಾಗಾಗಿ ಅಷ್ಟೂ ಒತ್ತಡ ಪಕ್ಕಕ್ಕೆ ಹೋಗಿ ಟೈರಿನ ಎರಡೂ ಅಂಚನ್ನು ರಿಮ್ಮಿನ ಗೋಡೆಗೆ ಒತ್ತಿ ಹಿಡಿಯುತ್ತದೆ. ಟೈರಿಗೆ ಎಂದಿನ ಗಾಳಿ ಇನ್ನೊಂದು ವಾಲ್ವಿನಿಂದ. ಟೈರಿನಲ್ಲಿ 5 ಇರಲಿ 30 ಇರಲಿ, ಒಳಗಿನ ಟ್ಯೂಬಿನ 50 ಹಾಗೇ ಇರುತ್ತದೆ. ಆಸ್ಟ್ರೇಲಿಯಾದ ಸ್ಟಾನ್, ಅಮೆರಿಕದ ಕೊಯೋಟಿ ಇವು ಈ ಬಗೆಯಲ್ಲಿ ಹೆಸರಾದವು.

ಎರಡೂ ಅಂಚು ಅಂದೆನಲ್ಲ, ಅದು ಮುಖ್ಯ. ಹೊರಗಿನ ರಿಂಗ್ ಒಳ ಅಂಚನ್ನು ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಅದರಿಂದ ತೊಂದರೆ ಇಲ್ಲ, ಒಪ್ಪಿದೆ. ಹಳ್ಳದ ಬಂಡೆಗಳ ನಡುವೆ ಚಕ್ರ ಸಿಕ್ಕಿಕೊಂಡು ಕಲ್ಲು ಒಳಗಡೆಯಿಂದ ಒತ್ತಿದರೆ ಒಳ ಅಂಚೂ ಬಿಡುತ್ತದೆ. ಹೇಮಾವತಿಯ ಹಳ್ಳಗಳಲ್ಲಿ ಇಳಿದವರಿಗೆ ಇದು ಗೊತ್ತು.

ದಿನದ ಓಡಾಟಕ್ಕೆ ನೋಡಿದರೂ ಇದೇ ನೆಮ್ಮದಿ. ರಿಮ್ಮಿನ ಹೊರ ಅಂಚಿನಲ್ಲಿ ಒಂದು ಉಕ್ಕಿನ ರಿಂಗ್, ಮೂವತ್ತು ಬೋಲ್ಟ್ ಅಂದರೆ ಅಷ್ಟೂ ತೂಕ ತಿರುಗಬೇಕು, ನಿಲ್ಲಬೇಕು. ಬ್ಯಾಲೆನ್ಸ್ ಮಾಡುವುದು ಕಷ್ಟ, 31 ಇಂಚಿನ ಟೈರಿಗೆ ಮೊದಲೇ ಸಾಕಾಗಿರುವ ಜಿಪ್ಸಿಯ ಬೇರಿಂಗಿಗೆ ಇನ್ನೂ ಹೊರೆ. ಟ್ಯೂಬ್ ಬಗೆಯದ್ದು ರಿಮ್ಮಿಗೆ ಅಂಟಿಕೊಂಡು ಒಳಗೇ ಇರುತ್ತದೆ. ನನ್ನ ಗಾಡಿ 80ರಲ್ಲಿ ನಡುಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಎರಡು ವಾಲ್ವ್ ಕಾಣುತ್ತದೆ, ಬೇರೇನೂ ಇಲ್ಲ.

ಒಮ್ಮೆ ತೋಟದ ಒಳಗೆ ಕತ್ತರಿಸಿದ ಗಿಡದ ಬುಡ ಚುಚ್ಚಿ ಟೈರಿನ ಗಾಳಿ ಪೂರ್ತಿ ಹೋಯಿತು. ಎರಡೂ ಅಂಚು ರಿಮ್ಮಿನಲ್ಲೇ ಇದ್ದವು. ಸಮತಟ್ಟು ಜಾಗ ಸಿಗುವವರೆಗೆ ನಿಧಾನಕ್ಕೆ ಓಡಿಸಿಕೊಂಡು ಬಂದು ಸ್ಟೆಪ್ನಿ ಹಾಕಿದೆ.

ಎರಡು ವಾಲ್ವಿಗೂ ಬೇರೆ ಬೇರೆ ಬಣ್ಣದ ಕ್ಯಾಪ್ ಹಾಕಿ, ರಿಮ್ಮಿನ ಮೇಲೂ ಪೇಂಟಿನಲ್ಲಿ ಗುರುತು ಮಾಡಿ. ಪೆಟ್ರೋಲ್ ಬಂಕಿನ ಹುಡುಗ ಟ್ಯೂಬಿನ ವಾಲ್ವಿಗೆ ಗಾಳಿ ಪೈಪ್ ಚುಚ್ಚಿ, ಅಯ್ಯೋ 50 ಇದೆ ಅಂತ 28ಕ್ಕೆ ಇಳಿಸಿಬಿಟ್ಟರೆ ನಿಮಗೆ ಗೊತ್ತೇ ಆಗುವುದಿಲ್ಲ. ಗಾಡಿ ರಸ್ತೆಯಲ್ಲಿ ಚೆನ್ನಾಗೇ ಓಡುತ್ತದೆ. ಮುಂದಿನ ಸಲ ಗುಡ್ಡದಲ್ಲಿ ಕೈಕೊಡುತ್ತದೆ.

ನೀಲಿ ಥಾರ್:

ನಡುವೆ ಒಂದು ಪ್ರಶ್ನೆ. ನನ್ನದು 2020ರ ಹೊಸ ಥಾರ್, 18 ಇಂಚಿನ ಅಲಾಯ್, ಒಳಗೆ ಟೈರ್ ಪ್ರೆಷರ್ ಸೆನ್ಸರ್ ಇದೆ. ಟ್ಯೂಬ್ ಬಗೆಯದ್ದು ನನಗೂ ಆಗುತ್ತದಾ?

ಟೈರ್ ಅಂಗಡಿ ಹಾಸನ:

ಥಾರ್ ಅವರಿಗೆ ಮೊದಲು ಹೇಳುತ್ತೇನೆ. ಸೆನ್ಸರ್ ಇರುವುದು ವಾಲ್ವಿನ ಬುಡದಲ್ಲಿ, ರಿಮ್ಮಿನ ಒಳಮೈಗೆ ಅಂಟಿಕೊಂಡಂತೆ. ಟ್ಯೂಬ್ ಕೂರಬೇಕಾದದ್ದೂ ಅಲ್ಲೇ. ಎರಡೂ ಒಟ್ಟಿಗೆ ಆಗುವುದಿಲ್ಲ, ಸೆನ್ಸರ್ ತೆಗೆಯಬೇಕಾಗುತ್ತದೆ. ಅಲಾಯ್‌ಗೆ ಎರಡನೇ ತೂತು ಕೊರೆಯುವುದೂ ನನಗೆ ಇಷ್ಟವಿಲ್ಲ. ಬೇರೆ ಕಬ್ಬಿಣದ ರಿಮ್ ತೆಗೆದುಕೊಂಡು ಯೋಚಿಸಿ.

ಈಗ ಜಿಪ್ಸಿ. ನಾನು ಎರಡೂ ಬಗೆ ಹಾಕಿಕೊಟ್ಟಿದ್ದೇನೆ, ಅಂಗಡಿಯವನ ಕಣ್ಣಿನಿಂದ ಹೇಳುತ್ತೇನೆ.

ಟ್ಯೂಬ್ ಬಗೆಯದ್ದು ಹಾಕುವಾಗಲೇ ಹಾಳಾಗುವುದು ಜಾಸ್ತಿ, ಓಡುವಾಗ ಅಲ್ಲ. ಟೈರಿನ ಒಂದು ಅಂಚು ಏರಿಸಿ, ಟ್ಯೂಬನ್ನು ಒಳಗೆ ತೂರಿಸಿ, ವಾಲ್ವ್ ತೂತಿಗೆ ಸಿಕ್ಕಿಸಿ, ಆಮೇಲೆ ಎರಡನೇ ಅಂಚು ಏರಿಸಬೇಕು. ಆ ಎರಡನೇ ಅಂಚು ಏರುವಾಗ ಮೆಷಿನ್ನಿನ ಮೂತಿಯೋ ಲಿವರ್ರೋ ಕವಚವನ್ನು ಕಚ್ಚಿದರೆ ಕತೆ ಮುಗಿಯಿತು. ಧಾರಾಳವಾಗಿ ಟಾಲ್ಕಮ್ ಪೌಡರ್ ಹಾಕಬೇಕು. ಟ್ಯೂಬಿಗೆ ಸ್ವಲ್ಪ ಗಾಳಿ ಕೊಟ್ಟು ಮಡಿಕೆ ಬಿಡಿಸಬೇಕು, ಮತ್ತೆ ತೆಗೆಯಬೇಕು. ಕೊನೆಯ ಗೇಣು ಉಳಿದಾಗ ಕೈ ಒಳಗೆ ಬಿಟ್ಟು ಕವಚವನ್ನು ಒತ್ತಿ ಹಿಡಿದೇ ಲಿವರ್ ಎತ್ತಬೇಕು. ಅವಸರದ ಅಂಗಡಿಗೆ ಕೊಡಬೇಡಿ. ಅಳತೆಯೂ ರಿಮ್ಮಿಗೆ ಸರಿಯಾಗಿ ಹೊಂದಬೇಕು. 7 ಇಂಚು ಅಗಲಕ್ಕೆ ಮಾಡಿದ್ದನ್ನು 8 ಇಂಚಿಗೆ ಹಾಕಿದರೆ ಅಂಚನ್ನು ಒತ್ತುವುದೇ ಇಲ್ಲ. ನಿಮ್ಮ 15x8 ಆಫ್‌ರೋಡ್‌ನಲ್ಲಿ ಎಲ್ಲೆಲ್ಲೂ ನಡೆಯುವ ಅಳತೆ, ಹುಡುಕಿದರೆ ಸಿಗುತ್ತದೆ.

ಪಂಕ್ಚರ್ ಬಗ್ಗೆ: ಟೈರ್ ಚಪ್ಪಟೆ ಆಗಿರುವಾಗ ಹೊರಗಿನಿಂದ ಉದ್ದದ ಸೂಜಿ ಚುಚ್ಚಿ ಹುರಿ ತೂರಿಸುತ್ತಾರಲ್ಲ, ಅದನ್ನು ಮಾಡಿಸಬೇಡಿ. ಟೈರ್ ಕುಸಿದಾಗ ಒಳಮೈ ಬಂದು ಟ್ಯೂಬಿನ ಹತ್ತಿರವೇ ನಿಂತಿರುತ್ತದೆ. ಸೂಜಿ ನೇರ ಟ್ಯೂಬಿಗೇ ಹೋಗುತ್ತದೆ. ಮೊದಲು ಗಾಡಿ ಜಾಕ್ ಮೇಲೆ ಎತ್ತಿ, ಆಗುವಷ್ಟು ಗಾಳಿ ತುಂಬಿ, ಆಮೇಲೆ ಸೂಜಿ.

ವೆಲ್ಡಿಂಗ್ ರಿಂಗ್ ಬಗ್ಗೆ ಕೇಳಿದಿರಿ. ಕಬ್ಬಿಣದ ರಿಮ್ಮಿಗೆ ಮಾಡಲು ಬರುತ್ತದೆ, ಹೊರದೇಶದಲ್ಲಿ ವೆಲ್ಡ್ ಮಾಡಿಕೊಳ್ಳುವ ಕಿಟ್ಟೇ ಮಾರುತ್ತಾರೆ. ಆದರೆ ಒಂದೇ ಕಡೆಯಿಂದ ಸುತ್ತ ವೆಲ್ಡ್ ಎಳೆಯುತ್ತಾ ಹೋದರೆ ಕಾವಿಗೆ ರಿಮ್ ತಿರುಚಿಕೊಳ್ಳುತ್ತದೆ. ಎದುರುಬದುರು ಸ್ವಲ್ಪ ಸ್ವಲ್ಪ ಹಾಕಿ ತಣಿಯಲು ಬಿಡಬೇಕು. ಮುಗಿದ ಮೇಲೆ ಲೇತ್‌ಗೆ ಕಟ್ಟಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ನನ್ನ ಹತ್ತಿರ ಬಂದ ಒಂದು ಸೆಟ್ಟಿನಲ್ಲಿ ರಿಂಗ್ ಕಣ್ಣಿಗೇ ಕಾಣುವಷ್ಟು ಓಲಾಡುತ್ತಿತ್ತು, ಬೋಲ್ಟಿನ ತಲೆಯ ಮೇಲೆ ಯಾವ ಗುರುತೂ ಇರಲಿಲ್ಲ. 8.8 ಗ್ರೇಡ್ (ಬೋಲ್ಟಿನ ಗಟ್ಟಿತನದ ಗುರುತು) ಅಥವಾ ಅದಕ್ಕಿಂತ ಗಟ್ಟಿ ಬೋಲ್ಟ್ ಇಲ್ಲದ ರಿಂಗಿಗೆ ನಾನು ಗಾಳಿ ತುಂಬುವುದಿಲ್ಲ. ಲೇತ್ ಇಲ್ಲ, ಗೇಜ್ ಇಲ್ಲ, ಬರೀ ವೆಲ್ಡಿಂಗ್ ಮೆಷಿನ್ ಇದೆ ಅನ್ನುವ ಕಡೆ ಮಾಡಿಸಬೇಡಿ ಸರ್.

ಶಾರ್ಜಾ ಕನ್ನಡಿಗ:

ನಾನು ಬೇರೆ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಅಲ್ ಬದಾಯರ್ ಮರಳಿನಲ್ಲಿ ನಾವು 12-15 ಪಿಎಸ್‌ಐಗೆ ಇಳಿಸಿಯೇ ಹೋಗುವುದು. ದಿಬ್ಬದ ಪಕ್ಕದಲ್ಲಿ ಅಡ್ಡ ಹೋಗುವಾಗ ಟೈರ್ ರಿಮ್ ಬಿಡುವುದು ಇಲ್ಲೂ ಇದೆ, ನಿಮ್ಮದೇ ಕಾರಣ. ಆದರೂ ನಮ್ಮ ಗುಂಪಿನಲ್ಲಿ ಹೆಚ್ಚಿನವರು ಬೀಡ್‌ಲಾಕ್ ಇಲ್ಲದೇ ಓಡಿಸುತ್ತಾರೆ. ಸ್ಟೇರಿಂಗ್ ಗಕ್ಕನೆ ತಿರುಗಿಸದಿದ್ದರೆ, ಜಾರಲು ಶುರುವಾದಾಗ ಮೇಲಕ್ಕೆ ಎಳೆಯದೆ ಕೆಳಮುಖಕ್ಕೇ ತಿರುಗಿಸಿ ಇಳಿದರೆ, ಟೈರ್ ಉಳಿಯುತ್ತದೆ. ಬಿಟ್ಟರೆ ಅಂಚಿನ ಮರಳನ್ನು ನೀರು ಹಾಕಿ ತೊಳೆದು ಮತ್ತೆ ಕೂರಿಸುತ್ತೇವೆ. ಹಾಂ, ಸ್ಪ್ರೇ ಹೊಡೆದು ಬೆಂಕಿ ಹಚ್ಚಿ ಟೈರ್ ಕೂರಿಸುವ ವಿಡಿಯೋ ನೋಡಿ ಯಾರೂ ಪ್ರಯೋಗ ಮಾಡಬೇಡಿ. ಟೈರ್ ಮುಖಕ್ಕೇ ಸಿಡಿಯುತ್ತದೆ.

ಹಾಗಾಗಿ ನನ್ನ ಪ್ರಶ್ನೆ: 12ರಲ್ಲಿ ಪ್ರಯತ್ನಿಸಿದ್ದೀರಾ? ಜಿಪ್ಸಿ ಹಗುರ ಗಾಡಿ, ಹೆಚ್ಚುಕಮ್ಮಿ ಒಂದು ಟನ್.

ಬಿಸಿಲೆ ಜಿಪ್ಸಿ:

ಎಲ್ಲರಿಗೂ ಧನ್ಯವಾದ. ಶಾರ್ಜಾದವರೇ, 12ರಲ್ಲೂ ನೋಡಿದೆ, ಒಣ ಮಣ್ಣಿಗೆ ಸಾಕು. ಜುಲೈ ತಿಂಗಳ ಜೇಡಿಗೆ ಸಾಲುವುದಿಲ್ಲ. ಕೆಳಮುಖಕ್ಕೆ ತಿರುಗಿಸೋಣ ಅಂದರೆ ತೋಟದ ದಾರಿಯಲ್ಲಿ ಕೆಳಗೆ ಕಾಫಿ ಗಿಡ, ಅದರಾಚೆ ಹೊಂಡ. ಅಲ್ಲಿಗೆ ಇಳಿಸಲು ಆಗುವುದಿಲ್ಲ.

ಮಡಿಕೇರಿ 540:

12ಕ್ಕೂ 6ಕ್ಕೂ ಎಷ್ಟು ವ್ಯತ್ಯಾಸ ಅಂತ ಒಂದು ಲೆಕ್ಕ ನೋಡಿ. ಚಕ್ರಕ್ಕೆ 250 ಕೆಜಿ ಭಾರ ಅಂದುಕೊಳ್ಳಿ. 12 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 0.84 ಕೆಜಿ. ನೆಲಕ್ಕೆ ತಾಗುವ ಜಾಗ 300 ಚದರ ಸೆಂಟಿಮೀಟರ್ ಹತ್ತಿರ. 6ಕ್ಕೆ ಇಳಿಸಿದರೆ ಅದು ಲೆಕ್ಕದಲ್ಲಿ ಎರಡು ಪಟ್ಟು. ಸೈಡ್‌ವಾಲ್ ಬಿಗಿ ಇರುವುದರಿಂದ ಪೂರ್ತಿ ಎರಡು ಪಟ್ಟು ಸಿಗುವುದಿಲ್ಲ, ಆದರೂ ತುಂಬಾ ಜಾಸ್ತಿ. ಟೈರ್ ಅಗಲಕ್ಕಿಂತ ಉದ್ದಕ್ಕೆ ಹರಡುತ್ತದೆ, ಟೈರ್ ಮೈಮೇಲಿನ ಹೆಚ್ಚು ರಬ್ಬರ್ ಗುಬ್ಬಿಗಳು ಒಟ್ಟಿಗೆ ಮಣ್ಣು ಹಿಡಿಯುತ್ತವೆ. ಬೀಡ್‌ಲಾಕಿಗೆ ದುಡ್ಡು ಹಾಕುವುದು ಇದಕ್ಕೇ. ಅಷ್ಟು ಕೆಳಗೆ ಇಳಿಸುವುದಿಲ್ಲ ಅನ್ನುವವರಿಗೆ ಅದು ಬೇಕಾಗಿಯೂ ಇಲ್ಲ.

ಒಂದು ಎಚ್ಚರಿಕೆ, ಎರಡೂ ಬಗೆಗೆ ಸೇರಿ. ಬೀಡ್‌ಲಾಕ್ ಟೈರಿನ ಅಂಚನ್ನು ಉಳಿಸುತ್ತದೆ, ಸೈಡ್‌ವಾಲನ್ನಲ್ಲ. 6ರಲ್ಲಿ ಜೋರಾಗಿ ಕಲ್ಲಿಗೆ ಹೊಡೆದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ರಬ್ಬರ್ ಕತ್ತರಿಸಿ ಹೋಗುತ್ತದೆ. ಟಾರ್ ರಸ್ತೆಗೆ ಬಂದ ಕೂಡಲೇ ಗಾಳಿ ಹಾಕಿಕೊಳ್ಳಿ, ಇಲ್ಲದಿದ್ದರೆ ಸೈಡ್‌ವಾಲ್ ಮಡಚಿ ಮಡಚಿ ಕಾದು ಹಾಳಾಗುತ್ತದೆ.

ಆದರೂ ನನ್ನ ಮಾತು ಅದೇ, ರಿಂಗ್. ಏನಾದರೂ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಒಳಗಿನ ಟ್ಯೂಬ್ ಹರಿದರೆ ಕಾಡಿನಲ್ಲಿ ಏನು ಮಾಡುತ್ತೀರಿ?

ಮೂಡಿಗೆರೆ ರೊಬಸ್ಟಾ:

ಹರಿದರೆ ಟ್ಯೂಬಿನ ಗಾಳಿ ಟೈರಿನೊಳಕ್ಕೇ ಬರುತ್ತದೆ. ಇಳಿಸಿದ ಟೈರಿನ ಪ್ರೆಷರ್ ತನ್ನಷ್ಟಕ್ಕೆ ಏರಿದ್ದು ಗೇಜಿನಲ್ಲಿ ಕಾಣುತ್ತದೆ, ಅದೇ ಸೂಚನೆ. ಆ ಟೈರಿಗೆ 15 ಹಾಕಿಕೊಂಡು, ಬೀಡ್‌ಲಾಕ್ ಇಲ್ಲದ ಗಾಡಿಯ ಹಾಗೆ ಹುಷಾರಾಗಿ ಮನೆಗೆ ಬರಬಹುದು. ಸ್ಪರ್ಧೆ ಆದರೆ ಅಲ್ಲಿಗೆ ನಿಲ್ಲಿಸಬೇಕು, ಅದು ನಿಜ.

ಕಬ್ಬನ್‌ಪೇಟೆ ವಕೀಲ:

ಕಾನೂನಿನ ಮಾತನ್ನು ಯಾರೂ ಎತ್ತಿಲ್ಲ. ಹೊರ ರಿಂಗಿನ ಬೀಡ್‌ಲಾಕ್ ರಿಮ್‌ಗಳನ್ನು ಅಮೆರಿಕದಲ್ಲೂ ಹೆಚ್ಚಿನ ತಯಾರಕರು ರಸ್ತೆಗಲ್ಲ, ಆಫ್‌ರೋಡ್‌ಗೆ ಮಾತ್ರ ಅಂತ ಬರೆದೇ ಮಾರುತ್ತಾರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಒಳಗಿನದ್ದು ಕಣ್ಣಿಗೆ ಕಾಣುವುದಿಲ್ಲ ಅನ್ನುವ ಧೈರ್ಯ ಬೇಡ. ಅಪಘಾತ ಆದರೆ ವಿಮೆಯವರು ಚಕ್ರ ಬಿಚ್ಚಿಯೂ ನೋಡುತ್ತಾರೆ. ಬೀಡ್‌ಲಾಕಿಗೆ ಬೇರೆಯೇ ಒಂದು ಸೆಟ್ ರಿಮ್ ಇಟ್ಟುಕೊಂಡು, ಖಾಸಗಿ ಜಮೀನಿನ ಒಳಗೆ ಮಾತ್ರ ಹಾಕಿ ಓಡಿಸಿ ಅನ್ನುವುದು ನನ್ನ ಸಲಹೆ.

ಬಿಸಿಲೆ ಜಿಪ್ಸಿ:

ವಕೀಲರ ಮಾತು ನನಗೆ ಹೊಳೆದಿರಲಿಲ್ಲ. ಹೀಗೆ ಮಾಡುತ್ತೇನೆ. ಹಳೆಯ ಅಳತೆಯ ಟೈರ್ ಇರುವ ಕಂಪನಿ ರಿಮ್ ಸೆಟ್ ಅಟ್ಟದ ಮೇಲಿದೆ, ಪೇಟೆಗೂ ಹಾಸನಕ್ಕೂ ಅದು. 15x8 ಸೆಟ್ ತೋಟಕ್ಕೆ ಮಾತ್ರ, ಅದಕ್ಕೆ ಒಳಗಿನ ಟ್ಯೂಬ್ ಹಾಕಿಸುತ್ತೇನೆ. ಸ್ಪರ್ಧೆ ನನಗೆ ಅಷ್ಟು ಮುಖ್ಯವಲ್ಲ, ಹಳ್ಳ ದಾಟುವುದು ದಿನದ ಕೆಲಸ, ಹಾಗಾಗಿ ಎರಡೂ ಅಂಚು ಹಿಡಿಯುವುದೇ ಬೇಕು. 540 ಬೇಜಾರಾಗಬೇಡಿ. ಹಾಸನದವರೇ, ನಿಮ್ಮ ಹತ್ತಿರವೇ ಬರುತ್ತೇನೆ. ಏನೇನು ತಯಾರಿ ಮಾಡಿಕೊಂಡು ಬರಲಿ?

ಟೈರ್ ಅಂಗಡಿ ಹಾಸನ:

ಬನ್ನಿ ಸರ್. ರಿಮ್ಮಿನ ಒಳಮೈಯ ತುಕ್ಕನ್ನು ವೈರ್ ಬ್ರಷ್ ಹಾಕಿ ಪೂರ್ತಿ ತೆಗೆದುಕೊಂಡು ಬನ್ನಿ, ತುಕ್ಕಿನ ಚಕ್ಕೆಯೇ ಕವಚವನ್ನು ತಿನ್ನುತ್ತದೆ. ಪೇಂಟ್ ಈಗಲೇ ಮಾಡಬೇಡಿ. ಎರಡನೇ ವಾಲ್ವಿನ ತೂತು ಎಲ್ಲಿ, ಎಷ್ಟು ಅಗಲ ಅಂತ ಡಬ್ಬಿಯ ಜೊತೆ ಬರುವ ಹಾಳೆಯಲ್ಲಿ ಇರುತ್ತದೆ, ಆ ಹಾಳೆ ಮರೆಯದೆ ತನ್ನಿ. ತೂತು ಕೊರೆದು, ಅಂಚನ್ನು ಎರಡೂ ಕಡೆ ನುಣ್ಣಗೆ ಉಜ್ಜಿ, ಆಮೇಲೆ ಪೇಂಟ್ ಹೊಡೆದು ಒಂದು ರಾತ್ರಿ ಒಣಗಲು ಬಿಡುತ್ತೇನೆ. ಹಾಗಾಗಿ ನಾಲ್ಕೂ ಚಕ್ರ ಹಿಂದಿನ ದಿನವೇ ಇಲ್ಲಿ ಬಿಟ್ಟು ಹೋಗಬೇಕು. ಭಾನುವಾರ, ಸೋಮವಾರ ಬೇಡ, ಅಂಗಡಿ ತುಂಬಾ ಗಾಡಿ ಇರುತ್ತದೆ.